ಚೆನ್ನಾಗಿದ್ದ ಕಾಲು

ಈ ಸಲ ಯುಗಾದಿಗೆ ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿದ್ದ ಅಳತೆ ಟೇಪು ಅಜ್ಜಿಯ ಕೈಗೆ ಸಿಕ್ಕಿತು. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥದ್ದೇ ಟೇಪು.

“ಪಿಎಚ್‌ಡಿ ಅಂತ ಹೇಳ್ಬುಟ್ಟು ಬಟ್ಟೆ ಹೊಲಿಯೋದು ಕಲೀತಿದ್ದೀಯೇನವ್ವ?” ಅಂದಳು.

ಲಕ್ವ ಹೊಡೆದವರ ಕಾಲು ಅಳೆಯುತ್ತೇನೆ ಅಂದೆ.

“ಬಿದ್ದೋದ ಕಾಲಾ?”

“ಎರಡೂ ಅಜ್ಜಿ. ಚೆನ್ನಾಗಿರೋ ಕಾಲೂ ಸಣ್ಣ ಆಗುತ್ತೆ. ಅದಕ್ಕೇ ಎರಡನ್ನೂ ಅಳೀಬೇಕು.”

ಹೂರಣದ ಉಂಡೆ ಕಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಿಮ್ ತಾತಂದೂ ಎಡಗಾಲು ಹಂಗೇ ಆಗಿತ್ತಲ್ಲವ್ವ. ನಾವು ಮಲಗ್ಸಿ ಮಲಗ್ಸೀನೇ ಹಂಗಾಯ್ತಾ?”

“ಅದೆಲ್ಲ ವಯಸ್ಸಿಗೆ ಆಗೋದು ಅಜ್ಜಿ” ಎಂದು ಹೇಳಿ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಮೂರು ವರ್ಷದಿಂದ ನಾನು ಮಾಡುತ್ತಿರುವ ಕೆಲಸವೇ ಆ ಪ್ರಶ್ನೆಗೆ ಉತ್ತರ ಹುಡುಕುವುದು. ಪಾರ್ಶ್ವವಾಯು ಆದವರಲ್ಲಿ ಯಾರ ಸ್ನಾಯು ಬೇಗ ಕರಗುತ್ತದೆ, ಯಾಕೆ ಕರಗುತ್ತದೆ ಎಂದು ನೋಡುವುದು. ಸೆಮಿನಾರುಗಳಲ್ಲಿ ಗೊತ್ತಿಲ್ಲದವರ ಮುಂದೆ ಇಪ್ಪತ್ತು ನಿಮಿಷ ಸಲೀಸಾಗಿ ಹೇಳುವ ಮಾತನ್ನು ಅಜ್ಜಿಯ ಮುಂದೆ ಒಂದು ನಿಮಿಷ ಹೇಳಲಾಗಲಿಲ್ಲ.

ನಮ್ಮದು ನಾಗಮಂಗಲದ ಕಡೆಯ ಊರು. ತಾತ ರಾಗಿ ಬೆಳೆಯುತ್ತಿದ್ದ, ಒಂದಷ್ಟು ತೆಂಗು ಇತ್ತು. ಎಪ್ಪತ್ತು ದಾಟಿದ ಮೇಲೂ ರಾಗಿ ಮೂಟೆಯನ್ನು ಬೇರೆಯವರಿಗೆ ಹೊರಲು ಬಿಡುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಒಂದು ಬೆಳಗಿನ ಜಾವ ಹಿತ್ತಲಿಗೆ ಹೋದವನು ಬಾಗಿಲ ಹತ್ತಿರವೇ ಕುಸಿದ. ಬಲಗೈ, ಬಲಗಾಲು, ಅವುಗಳ ಜೊತೆಗೆ ಮಾತು, ಮೂರೂ ಹೋದವು. ನಾನಾಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ.

ಹನ್ನೊಂದು ದಿನ ಆಸ್ಪತ್ರೆ. ಆಮೇಲೆ ನಡುಮನೆಯ ಮಂಚ. ತಾತನ ಬಾಯಲ್ಲಿ ಉಳಿದದ್ದು ಒಂದೇ ಮಾತು: “ಬ್ಯಾಡ.” ಊಟಕ್ಕೂ ಬ್ಯಾಡ, ನೀರಿಗೂ ಬ್ಯಾಡ, ಮೊಮ್ಮಕ್ಕಳನ್ನು ನೋಡಿ ನಕ್ಕರೂ ಬ್ಯಾಡ. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಹೀಗೆ ಒಂದೇ ಪದ ಉಳಿದು, ಅದೇ ಎಲ್ಲದಕ್ಕೂ ಬರುವುದುಂಟು ಎಂದು ಆಮೇಲೆ ಓದಿ ತಿಳಿದುಕೊಂಡೆ.

ನಾವು ತಾತನನ್ನು ಚೆನ್ನಾಗಿ ನೋಡಿಕೊಂಡೆವು. ಇದನ್ನು ಊರೇ ಹೇಳುತ್ತದೆ. ಚಿಕ್ಕಪ್ಪ ಎತ್ತಿ ಕೂರಿಸುತ್ತಿದ್ದ, ಎತ್ತಿ ಮಲಗಿಸುತ್ತಿದ್ದ. ಅಮ್ಮ ಮೈ ಒರೆಸುತ್ತಿದ್ದಳು. ಅಜ್ಜಿ ಪಕ್ಕದಲ್ಲೇ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನಾನು ಬಂದಾಗೆಲ್ಲ ಬಲಗೈ ಬಲಗಾಲಿಗೆ ಎಣ್ಣೆ ತಿಕ್ಕಿ, ಮಡಚಿ, ಬಿಡಿಸಿ ಮಾಡುತ್ತಿದ್ದೆ. ತಾತ ಒಂದು ಲೋಟ ಎತ್ತಬೇಕಾಗಿ ಬರಲಿಲ್ಲ. ನೋಡಲು ಬಂದವರು ಹೋಗುವಾಗ “ಪುಣ್ಯ ಮಾಡಿದ್ರು, ಇಂಥ ಮಕ್ಕಳು ಸಿಕ್ಕವ್ರೆ” ಎನ್ನುತ್ತಿದ್ದರು.

ಎಡಗಾಲನ್ನು ಯಾರೂ ಮುಟ್ಟಲಿಲ್ಲ. ಅದು ಚೆನ್ನಾಗಿತ್ತಲ್ಲ.

ಐದು ತಿಂಗಳಾದ ಮೇಲೆ ಬಲಗಾಲಿಗೆ ಚೂರು ಚೂರು ಶಕ್ತಿ ಬಂದಂತೆ ಕಂಡಿತು. ನಮಗೆಲ್ಲ ಸಂಭ್ರಮ. ಇನ್ನು ನಡೆಸಬಹುದು ಎಂದು ಚಿಕ್ಕಪ್ಪ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದ. ಎರಡು ಹೆಜ್ಜೆ ಇಟ್ಟ ತಾತ ಮೂರನೆಯದಕ್ಕೆ ಕುಸಿದ. ಕೈಕೊಟ್ಟದ್ದು ಬಲಗಾಲಲ್ಲ, ಎಡಗಾಲು. ಎಡ ಮೊಣಕಾಲು ಮಡಚಿಕೊಂಡಿತು. ಪಂಚೆ ಸರಿದಾಗ ನೋಡಿದೆವು. ಗದ್ದೆ ಬದುವಿನ ಮೇಲೆ ಮೂಟೆ ಹೊತ್ತು ನಡೆದ ಕಾಲು ಅದು. ಮೀನಖಂಡವೇ ಇರಲಿಲ್ಲ, ಚರ್ಮ ಜೋತುಬಿದ್ದಿತ್ತು. ಆ ದಿನ ಏನೂ ಆಗಲಿಲ್ಲ. ಮುಂದೆ ಒಂದು ವರ್ಷಕ್ಕೆ ಇನ್ನೊಂದು ಸಲ ಬಿದ್ದಾಗ ಸೊಂಟದ ಮೂಳೆ ಮುರಿಯಿತು. ಅದಾದ ಮೇಲೆ ತಾತ ಹೆಚ್ಚು ದಿನ ಇರಲಿಲ್ಲ.

ಸ್ನಾಯು ಹೀಗೆ ಕರಗುವುದಕ್ಕೆ ಒಂದು ಹೆಸರಿದೆ, ಸಾರ್ಕೊಪೀನಿಯಾ. 1989ರಲ್ಲಿ ಅರ್ವಿನ್ ರೋಸೆನ್‌ಬರ್ಗ್ ಎಂಬ ಅಮೆರಿಕದ ವೈದ್ಯ ಗ್ರೀಕಿನ ಎರಡು ಪದ ಸೇರಿಸಿ ಇದನ್ನು ಮಾಡಿದ. ‘ಸಾರ್ಕ್ಸ್’ ಎಂದರೆ ಮಾಂಸ, ‘ಪೀನಿಯಾ’ ಎಂದರೆ ಬಡತನ. ಮಾಂಸದ ಬಡತನ. ಅವನು ಹೆಸರಿಟ್ಟದ್ದು ವಯಸ್ಸಾದಂತೆ ಎಲ್ಲರಿಗೂ ನಿಧಾನವಾಗಿ ಬರುವ ಸವಕಳಿಗೆ. ಪಾರ್ಶ್ವವಾಯುವಿನಲ್ಲಿ ಅದು ನಿಧಾನವಾಗಿ ಬರುವುದಿಲ್ಲ, ದಿನಗಳ ಲೆಕ್ಕದಲ್ಲಿ ಬರುತ್ತದೆ.

ಸ್ನಾಯು ನಮ್ಮ ಊರಿನ ಮಣ್ಣಿನ ಗೋಡೆಗಳ ಹಾಗೆ. ದಿನಾ ಸ್ವಲ್ಪ ಉದುರುತ್ತದೆ, ದಿನಾ ಸ್ವಲ್ಪ ಮೆತ್ತಬೇಕು. ಮೆತ್ತಲು ಎರಡು ಬೇಕು: ಬಳಕೆ ಮತ್ತು ಆಹಾರ. ಪಾರ್ಶ್ವವಾಯು ಆದಾಗ ಎರಡೂ ಒಟ್ಟಿಗೆ ನಿಲ್ಲುತ್ತವೆ. ಬಿದ್ದ ಕಡೆಗೆ ಮೆದುಳಿನಿಂದ ಅಪ್ಪಣೆ ಬರುವುದಿಲ್ಲ. ಚೆನ್ನಾಗಿರುವ ಕಡೆಗೆ ಅಪ್ಪಣೆ ಬರುತ್ತದೆ, ಕೆಲಸ ಇರುವುದಿಲ್ಲ. ಜೊತೆಗೆ ಕಾಯಿಲೆಯ ಉರಿಯೂತ, ಜ್ವರ, ಒತ್ತಡದ ಹಾರ್ಮೋನುಗಳು ಸೇರಿ ಉದುರುವ ವೇಗವನ್ನು ಹೆಚ್ಚಿಸುತ್ತವೆ.

ಬರೀ ಮಲಗುವುದರಿಂದ ಎಷ್ಟು ಹೋಗುತ್ತದೆ? 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ 12 ಜನ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯ ಮೇಲೆ ಇರಿಸಿದ್ದರು. ಹತ್ತೇ ದಿನದಲ್ಲಿ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋದಷ್ಟು ಕೊಬ್ಬಿಲ್ಲದ ಅಂಗಾಂಶ ಕಳೆದುಹೋಗಿತ್ತು. ಅವರಿಗೆ ಲಕ್ವ ಹೊಡೆದಿರಲಿಲ್ಲ. ಊಟವೂ ಸರಿಯಾಗಿಯೇ ಸಿಗುತ್ತಿತ್ತು. ಇದನ್ನು ಮೊದಲ ಸಲ ಓದಿದಾಗ ನಾನು ತಾತನ ಆಸ್ಪತ್ರೆಯ ಹನ್ನೊಂದು ದಿನ ಎಣಿಸಿದೆ. ಆಮೇಲೆ ಮಂಚದ ಐದು ತಿಂಗಳು ಎಣಿಸಲು ಹೋಗಿ ಲ್ಯಾಪ್‌ಟಾಪು ಮುಚ್ಚಿಟ್ಟೆ.

ನನ್ನ ಹತ್ತಿರ ಒಂದು ಫಾರ್ಮು ಇದೆ. ಒಬ್ಬೊಬ್ಬ ರೋಗಿಗೆ ಒಂದೊಂದು. ಯಾವ ಯಾವ ಕಾರಣ ಇದ್ದರೆ ಸ್ನಾಯು ಹೆಚ್ಚು ಕರಗುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳಿವೆಯೋ ಅವೆಲ್ಲ ಅದರಲ್ಲಿ ಸಾಲಾಗಿ ಇವೆ: ವಯಸ್ಸು, ಮೊದಲೇ ಸಣ್ಣಗಿದ್ದರೇ, ಪೆಟ್ಟು ಎಷ್ಟು ದೊಡ್ಡದು, ಸಕ್ಕರೆ ಕಾಯಿಲೆ ಇದೆಯೇ, ಎಷ್ಟು ದಿನ ಹಾಸಿಗೆಯಲ್ಲಿದ್ದರು, ನುಂಗಲು ಕಷ್ಟವೇ, ಮೂಗಿನ ನಳಿಗೆಯಲ್ಲಿ ಊಟವೇ, ನ್ಯುಮೋನಿಯಾದಂಥ ಸೋಂಕು ಬಂತೇ, ತೂಕ ಇಳಿಯಿತೇ, ಮನಸ್ಸು ಕುಗ್ಗಿದೆಯೇ. ಕೆಲವರಿಗೆ ಪಾರ್ಶ್ವವಾಯು ಆಗುವ ಮೊದಲೇ ಈ ಬಡತನ ಶುರುವಾಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಅವರ ಹತ್ತಿರ ಕಳೆದುಕೊಳ್ಳಲು ಇರುವುದೇ ಕಡಿಮೆ.

ಇವುಗಳಲ್ಲಿ ವಯಸ್ಸನ್ನು ಯಾರೂ ಬದಲಿಸಲಾರರು. ಮೆದುಳಿಗೆ ಬಿದ್ದ ಪೆಟ್ಟನ್ನೂ ಅಷ್ಟೇ. ನನ್ನನ್ನು ಕಾಡಿದ್ದು ಬದಲಿಸಬಹುದಾಗಿದ್ದ ಸಾಲುಗಳು.

ನುಂಗುವುದನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಸಿದ ಮಗುವಿಗೆ ಮೊದಲು ಕಲಿಸುವ ವಿದ್ಯೆ ಅದು. ಗಂಟಲಿನ ಸ್ನಾಯುಗಳು ಹಿಡಿತ ತಪ್ಪಿದವನಿಗೆ ಮುದ್ದೆ ಅಪಾಯ. ಆಸ್ಪತ್ರೆಯಲ್ಲಿ ಕೊಡಬೇಡಿ ಅಂದರು, ನಾವು ಕೊಡಲಿಲ್ಲ. ಬದಲಿಗೆ ಅಜ್ಜಿ ಅಕ್ಕಿ ಗಂಜಿ ಮಾಡಿದಳು. ಸಲೀಸಾಗಿ ಇಳಿಯಲಿ ಎಂದು ನೀರಿನಷ್ಟು ತೆಳ್ಳಗೆ ಮಾಡಿದಳು. ನುಂಗಲು ಕಷ್ಟ ಇರುವ ಎಷ್ಟೋ ಜನಕ್ಕೆ ತೆಳ್ಳಗಿನದೇ ಹೆಚ್ಚು ತೊಂದರೆ. ಗಂಟಲು ಮುಚ್ಚಿಕೊಳ್ಳುವ ಮೊದಲೇ ಹರಿದು ಶ್ವಾಸನಾಳದ ಕಡೆ ಹೋಗುತ್ತದೆ. ಮಂದವಾಗಿರುವುದು ನಿಧಾನಕ್ಕೆ ಇಳಿಯುತ್ತದೆ. ಯಾರಿಗೆ ಎಷ್ಟು ಮಂದ ಇರಬೇಕು ಎಂದು ಪರೀಕ್ಷೆ ಮಾಡಿ ಹೇಳುವವರಿದ್ದಾರೆ. ತಾತ ಕೆಮ್ಮಿದಾಗೆಲ್ಲ ಅಜ್ಜಿ ಇನ್ನೊಂದಿಷ್ಟು ನೀರು ಬೆರೆಸಿದಳು.

ಇನ್ನು ಆ ಗಂಜಿಯೊಳಗೆ ಏನಿತ್ತು? ಒಂದು ಬಟ್ಟಲಿಗೆ ಒಂದು ಹಿಡಿ, ಸುಮಾರು 30 ಗ್ರಾಂ ಅಕ್ಕಿ. ಅದರಲ್ಲಿ ಪ್ರೋಟೀನು ಎರಡು ಗ್ರಾಮಿಗಿಂತ ಚೂರು ಹೆಚ್ಚು. ದಿನಕ್ಕೆ ನಾಲ್ಕು ಬಟ್ಟಲಾದರೂ ಹತ್ತು ಗ್ರಾಂ ಮುಟ್ಟುವುದಿಲ್ಲ. ಕಾಯಿಲೆ ಬಿದ್ದ ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು ಎನ್ನುವುದು ಈಗಿನ ತಜ್ಞರ ಸಲಹೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಬೇರೆ ಲೆಕ್ಕ. ಅರವತ್ತು ಕಿಲೋದ ತಾತನಿಗೆ ಕಡಿಮೆ ಎಂದರೂ 72 ಗ್ರಾಂ ಆಯಿತು. ವಯಸ್ಸಾದ ಸ್ನಾಯು ಸ್ವಲ್ಪ ಜಿಪುಣ. ಒಂದೊಂದು ಊಟದಲ್ಲೂ ಸಾಕಷ್ಟು ಪ್ರೋಟೀನು ಬರದಿದ್ದರೆ ಕಟ್ಟುವ ಕೆಲಸವನ್ನೇ ಶುರು ಮಾಡುವುದಿಲ್ಲ.

ಮುದ್ದೆ ನಿಂತದ್ದಕ್ಕೆ ತಾತ ಸೊರಗಿದ ಎಂದು ಊರಿನವರು ಹೇಳುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ ರಾಗಿಯಲ್ಲೂ ನೂರು ಗ್ರಾಮಿಗೆ ಏಳು ಗ್ರಾಂ ಆಸುಪಾಸು ಪ್ರೋಟೀನು, ಅಕ್ಕಿಗಿಂತ ಹೆಚ್ಚೇನಲ್ಲ. ತಾತ ಕಳೆದುಕೊಂಡದ್ದು ಮುದ್ದೆಯ ಜೊತೆಗಿದ್ದ ಸಾರನ್ನು. ಹುರುಳಿಕಾಳು, ಅವರೆಕಾಳು, ಬಸ್ಸಾರಿನ ಅಲಸಂದೆ, ಭಾನುವಾರದ ಕೋಳಿ. ತಟ್ಟೆಯಿಂದ ಮುದ್ದೆ ಎದ್ದಾಗ ಅದರ ಹಿಂದೆಯೇ ಇವೆಲ್ಲ ಎದ್ದುಹೋದವು. ಕಾಳನ್ನು ಬೇಯಿಸಿ ನುಣ್ಣಗೆ ಅರೆದು ಕೊಡಬಹುದಿತ್ತು. ನಮ್ಮ ಮನೆಯ ಒರಳಿಗೆ ಅದೇನು ದೊಡ್ಡ ಕೆಲಸವಾಗಿರಲಿಲ್ಲ.

ಹೊಳೆಯಲಿಲ್ಲ ಎನ್ನುವುದು ಒಂದು. ಪಥ್ಯ ಇನ್ನೊಂದು. ಲಕ್ವಕ್ಕೆ ನಾಟಿ ಔಷಧಿ ಕೊಡುವವರ ಹತ್ತಿರ ಯಾರೋ ಕರೆದುಕೊಂಡು ಹೋದರು. 41 ದಿನ ಪಥ್ಯ. ಮೊಟ್ಟೆ ಇಲ್ಲ, ಮಾಂಸ ಇಲ್ಲ, ಬೇಳೆ ವಾಯು ಅಂತ ಬೇಳೆ ಇಲ್ಲ, ಶೀತ ಅಂತ ಮೊಸರಿಲ್ಲ. ಪ್ರೋಟೀನಿನ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಹೊಡೆದು ಹಾಕಿದಂತಿತ್ತು. ಅಜ್ಜಿ ಆ 41 ದಿನವೂ ಪಥ್ಯ ಮುರಿಯಲಿಲ್ಲ. ತಾನೂ ತಾತನ ಜೊತೆ ಅದನ್ನೇ ಉಂಡಳು.

ಈಗ ನಾನು ವಾರ್ಡಿನಲ್ಲಿ ಮಾಡುವ ಕೆಲಸ ಹೇಳುತ್ತೇನೆ. ಒಪ್ಪಿಗೆ ಪಡೆದು, ಮೀನಖಂಡ ಅತಿ ದಪ್ಪಗಿರುವ ಜಾಗ ಹುಡುಕಿ ಟೇಪು ಸುತ್ತುತ್ತೇನೆ. ಏಷ್ಯಾದವರಿಗಾಗಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಗಂಡಸರಿಗೆ 34 ಸೆಂಟಿಮೀಟರಿಗಿಂತ, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಅನುಮಾನ ಪಡಬೇಕು. ಆಮೇಲೆ ಚೆನ್ನಾಗಿರುವ ಕೈಗೆ ಹಿಡಿತ ಅಳೆಯುವ ಯಂತ್ರ ಕೊಟ್ಟು ಹಿಸುಕಲು ಹೇಳುತ್ತೇನೆ. ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ ಗಡಿ. ಆಗುವವರಿಗೆ ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು ಹೇಳುತ್ತೇನೆ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬಲ ಕಡಿಮೆ ಎಂದು ಅರ್ಥ.

ಟೇಪು ಸುಳ್ಳೂ ಹೇಳುತ್ತದೆ. ಬಿದ್ದ ಕಾಲು ಊದಿಕೊಂಡಿರುತ್ತದೆ, ಕೆಲವೊಮ್ಮೆ ಸ್ನಾಯುವಿನ ಎಳೆಗಳ ನಡುವೆ ಕೊಬ್ಬು ತುಂಬಿಕೊಂಡಿರುತ್ತದೆ. ಅಳತೆ ಸರಿ ಇರುತ್ತದೆ, ಒಳಗೆ ಸ್ನಾಯು ಇರುವುದಿಲ್ಲ. ಹಾಗಾಗಿ ಎರಡು ಕಾಲನ್ನೂ ನೋಡಬೇಕು, ಬಲವನ್ನೂ ನೋಡಬೇಕು.

ಒಂದು ದಿನ ಒಬ್ಬ ಹಿರಿಯರ ಹತ್ತಿರ ಹೋದಾಗ ಅವರ ಮಗಳು ಇಡ್ಲಿ ತಿನ್ನಿಸುತ್ತಿದ್ದರು. ಅವರಿಗೂ ತಾತನ ಹಾಗೆ ಬಲಭಾಗವೇ ಬಿದ್ದದ್ದು. ನುಂಗಲು ತೊಂದರೆ ಇಲ್ಲ ಎಂದು ಪರೀಕ್ಷೆ ಮಾಡಿ ಬರೆದಿದ್ದರು. ಎಡಗೈ ಹೊದಿಕೆಯ ಕೆಳಗೆ ಸುಮ್ಮನೆ ಮಲಗಿತ್ತು. ಚಮಚ ಅವರ ಕೈಗೇ ಕೊಟ್ಟು ನೋಡೋಣವೇ ಎಂದು ಕೇಳಿದೆ. ಮಗಳು ಕೊಟ್ಟರು. ಅರ್ಧ ಇಡ್ಲಿ ಅಂಗಿಯ ಮೇಲೆ ಬಿತ್ತು. ಅವರು ಅಕ್ಕಪಕ್ಕದ ಮಂಚದವರ ಕಡೆ ನೋಡಿ, ಮೆಲ್ಲಗೆ ನನಗೆ ಹೇಳಿದರು: “ನೋಡ್ದೋರು ಏನಂತಾರೆ ಮೇಡಂ? ಮಗಳಿದ್ದೂ ಅಪ್ಪನ ಕೈಲೇ ತಿನ್ನಿಸ್ತಾಳೆ ಅನ್ನಲ್ವಾ?”

ನಾನು ಓದಿದ ಯಾವ ಲೇಖನದಲ್ಲೂ ಈ ಮಾತು ಕಂಡಿರಲಿಲ್ಲ. ನಮ್ಮಲ್ಲಿ ಸೇವೆಗೆ ಸಾಕ್ಷಿಗಳಿರುತ್ತಾರೆ. ಎತ್ತಿದರೆ, ಉಣಿಸಿದರೆ, ಕೂತಲ್ಲಿಗೇ ತಂದುಕೊಟ್ಟರೆ ಅದು ಪ್ರೀತಿ. ಕಾಯಿಲೆಯವರನ್ನು ಎದ್ದು ಕೂರು ಅಂದರೆ, ನೀನೇ ತಗೋ ಅಂದರೆ, ಚೆಲ್ಲುವುದನ್ನು ನೋಡುತ್ತಾ ಕೂತರೆ ಅದು ಕಲ್ಲು ಮನಸ್ಸು. ಪ್ರೀತಿ ಬೇಗ ಮುಗಿಯುವ ಕೆಲಸವೂ ಹೌದು. ಉಣಿಸಿದರೆ ಹತ್ತು ನಿಮಿಷ, ಉಣ್ಣಲು ಬಿಟ್ಟರೆ ಮುಕ್ಕಾಲು ಗಂಟೆ. ಕೂಲಿ ಬಿಟ್ಟು ಬಂದು ಆಸ್ಪತ್ರೆಯಲ್ಲಿ ಕೂತವರಿಗೆ ಆ ಮುಕ್ಕಾಲು ಗಂಟೆ ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಇದೆ. ತಾತನಿಗೆ ಫಿಸಿಯೊಥೆರಪಿ ಸಿಗುತ್ತಿದ್ದ ಜಾಗ ನಮ್ಮೂರಿಂದ ಎರಡು ಬಸ್ಸು ದೂರ ಇತ್ತು. ಎತ್ತಿ ಹತ್ತಿಸಲು ಇಬ್ಬರು ಬೇಕು, ಇಬ್ಬರ ಅವತ್ತಿನ ಕೂಲಿ ಹೋಗಬೇಕು. ಎರಡು ಸಲ ಹೋದೆವು. ನನ್ನ ಫಾರ್ಮಿನಲ್ಲಿ ಸಕ್ಕರೆ ಕಾಯಿಲೆಗೆ ಒಂದು ಸಾಲಿದೆ, ಬಸ್ಸಿಗೆ ಸಾಲಿಲ್ಲ.

ಹಾಗೆಂದು ಪಾರ್ಶ್ವವಾಯು ಆದ ಮರುಗಳಿಗೆಯೇ ಎಬ್ಬಿಸಿ ಓಡಾಡಿಸಬೇಕು ಎಂದೂ ಅಲ್ಲ. 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ಅಧ್ಯಯನದಲ್ಲಿ ಐದು ದೇಶಗಳ 2104 ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೇ ಶುರುಮಾಡಿ ಪದೇಪದೇ, ಹೆಚ್ಚು ಹೊತ್ತು ಎಬ್ಬಿಸಿದವರು ಮೂರು ತಿಂಗಳ ಹೊತ್ತಿಗೆ ಉಳಿದವರಿಗಿಂತ ಚೇತರಿಕೆಯಲ್ಲಿ ಹಿಂದೆ ಬಿದ್ದಿದ್ದರು. ಯಾವಾಗ, ಎಷ್ಟು ಎನ್ನುವುದನ್ನು ನೋಡಿಕೊಳ್ಳುವ ವೈದ್ಯರು ಮತ್ತು ಫಿಸಿಯೊಥೆರಪಿಸ್ಟರೇ ಹೇಳಬೇಕು. ಆದರೆ ಅವರು ಎದ್ದು ಕೂರಿಸಿ ಎಂದ ಮೇಲೂ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿಸಿಯೇ ಇಡುವುದು ಬೇರೆ. ನಮಗೆ ಬಿಡುಗಡೆಯ ದಿನ ಹೇಳಿದ್ದರು. “ಸ್ವಲ್ಪ ಸ್ವಲ್ಪ ಕೂರಿಸಿ, ನಿಲ್ಲಿಸಿ” ಎಂದಿದ್ದರು. ಹತ್ತು ಮಾತ್ರೆಗಳ ಹೆಸರಿನ ನಡುವೆ ಆ ಒಂದು ವಾಕ್ಯ ಕಳೆದುಹೋಯಿತು.

ಕಳೆದದ್ದು ಮತ್ತೆ ಬರುತ್ತದೆಯೇ ಎಂದು ವಾರ್ಡಿನಲ್ಲಿ ಎಲ್ಲರೂ ಕೇಳುತ್ತಾರೆ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಸರಾಸರಿ 90 ವರ್ಷದ, ನಿಶ್ಶಕ್ತರಾದ ಹತ್ತು ಜನರಿಗೆ ಎಂಟು ವಾರ ಕಾಲಿನಲ್ಲಿ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ಅವರು ಪಾರ್ಶ್ವವಾಯುವಿನ ರೋಗಿಗಳೆಂದಲ್ಲ, ತೊಂಬತ್ತು ವರ್ಷದ ಸ್ನಾಯುವೂ ಮಾತು ಕೇಳುತ್ತದೆ ಎನ್ನುವುದಕ್ಕೆ ಇದನ್ನು ಹೇಳಿದೆ. ತಾತ ಆಗ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು.

ಈಗ ನನಗೆ ಮತ್ತೆ ಮತ್ತೆ ನೆನಪಾಗುವುದು ಆ “ಬ್ಯಾಡ.” ಚಿಕ್ಕಪ್ಪ ಎತ್ತಲು ಬಾಗಿದಾಗ ತಾತ ಎಡಗೈಯಿಂದ ಮಂಚದ ಪಟ್ಟಿ ಹಿಡಿದುಕೊಂಡು “ಬ್ಯಾಡ, ಬ್ಯಾಡ” ಎನ್ನುತ್ತಿದ್ದ. ಮಗನಿಗೆ ತೊಂದರೆ ಕೊಡಲು ಸಂಕೋಚ ಎಂದು ನಾವು ಅಂದುಕೊಂಡು, ಕೈ ಬಿಡಿಸಿ ಎತ್ತುತ್ತಿದ್ದೆವು. ನೀನು ಎತ್ತಬೇಡ, ನಾನೇ ಏಳುತ್ತೇನೆ ಎಂದಿದ್ದನೋ ಏನೋ. ಅಥವಾ ಅದು ಬರೀ ಉಳಿದುಕೊಂಡ ಪದವೇ ಇರಬಹುದು. ಅದನ್ನು ತೀರ್ಮಾನಿಸುವ ಅಳತೆ ಯಾವ ಟೇಪಿನಲ್ಲೂ ಇಲ್ಲ.

ಯುಗಾದಿಯಿಂದ ಬಂದ ಮೇಲೆ ಮೂರು ವಾರ ತಡೆದು, ಒಂದು ಭಾನುವಾರ ಮತ್ತೆ ಊರಿಗೆ ಹೋದೆ. ಅಜ್ಜಿಯ ಪಕ್ಕ ಜಗುಲಿಯ ಮೇಲೆ ಕೂತು ಹೇಳಿದೆ. ಹೌದು ಅಜ್ಜಿ, ಮಲಗಿದ್ದಕ್ಕೂ ಆಯ್ತು. ಗಂಜಿಗೂ ಆಯ್ತು, ಪಥ್ಯಕ್ಕೂ ಆಯ್ತು. ವಯಸ್ಸಿಗೂ, ಮೆದುಳಿನ ಪೆಟ್ಟಿಗೂ ಆಯ್ತು. ಯಾವುದಕ್ಕೆ ಎಷ್ಟು ಎಂದು ಒಬ್ಬ ಮನುಷ್ಯನಲ್ಲಿ ಬಿಡಿಸಿ ಹೇಳಲು ಆಗುವುದಿಲ್ಲ. ನಮಗೆ ಯಾರೂ ಕೂರಿಸಿಕೊಂಡು ತಿಳಿಸಲಿಲ್ಲ, ನಾವೂ ಕೇಳಲಿಲ್ಲ. ನಾನು ಓದಿದವಳು, ನಾನೂ ಬಲಗಾಲನ್ನೇ ತಿಕ್ಕುತ್ತಾ ಕೂತಿದ್ದೆ.

ಅಜ್ಜಿ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಬೀದಿ ನೋಡಿದಳು. “ಗೊತ್ತಿದ್ದಿದ್ರೆ ಬೈದ್ ಬೈದು ಎಬ್ಬುಸ್ತಿದ್ದೆ ಕಣವ್ವ. ನನ್ ಬೈಗುಳಕ್ಕೆ ಹೆದರ್ತಿತ್ತು ನಿಮ್ ತಾತ” ಅಂದಳು.

ಆಮೇಲೆ ಅವಳೇ ಟೇಪು ಕೇಳಿದಳು. ಸೀರೆ ಮೇಲೆತ್ತಿ ಕಾಲು ಚಾಚಿದಳು. 31 ಸೆಂಟಿಮೀಟರು. ಕುರ್ಚಿಯಿಂದ ಐದು ಸಲ ಎದ್ದು ಕೂರಲು 16 ಸೆಕೆಂಡು. ಅವಳಿಗೆ ನಂಬರು ಬೇಕಿರಲಿಲ್ಲ, “ಪಾಸಾ?” ಎಂದು ಕೇಳಿದಳು. ಇಲ್ಲ ಅಂದೆ. ಈಗ ಅಮ್ಮನಿಗೆ ಹೇಳಿದ್ದೇನೆ, ಅಜ್ಜಿ ಕೂತಲ್ಲಿಗೆ ನೀರು ತಂದುಕೊಡಬೇಡ, ದಿನಾ ಒಂದು ಮೊಟ್ಟೆ, ಸಾರಿನ ಕಾಳನ್ನು ತಳದಲ್ಲಿ ಬಿಡದೆ ಅವಳ ತಟ್ಟೆಗೆ ಹಾಕು ಎಂದು. ಅಮ್ಮನಿಗೆ ಇದು ಅಷ್ಟು ಸರಿ ಕಂಡಿಲ್ಲ. ಬಂದ ನೆಂಟರ ಮುಂದೆ ಅತ್ತೆ ಎದ್ದು ಹೋಗಿ ನೀರು ತಂದುಕೊಂಡರೆ ಅವಳಿಗೆ ಮುಜುಗರ.

ಕಳೆದ ವಾರ ಫೋನು ಮಾಡಿದಾಗ ಅಜ್ಜಿ ಒಂದು ಸುದ್ದಿ ಹೇಳಿದಳು. ಕೆಳಗಿನ ಬೀದಿಯ ಒಬ್ಬರಿಗೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ. ಅಜ್ಜಿ ನೋಡಲು ಹೋಗಿದ್ದಳಂತೆ.

“ಏನ್ ಹೇಳ್ದೆ ಅಜ್ಜಿ?”

“ಅವನ ಹೆಂಡ್ತಿಗೆ ಹೇಳ್ದೆ. ಬಿದ್ದೋಗಿರೋ ಕಾಲ್ ನೋಡೋರು ಎಲ್ಲಾರೂ ಅವ್ರೆ, ನೀನು ಚೆನ್ನಾಗಿರೋ ಕಾಲ್ ನೋಡ್ಕೊಳವ್ವ ಅಂತ. ಕೇಳುದ್ಲೋ ಬಿಟ್ಲೋ ಗೊತ್ತಿಲ್ಲ. ಗಂಜಿ ಕಾಯಿಸ್ತಿದ್ಲು.”